ಎತ್ತಿಗೆ ಜ್ವರ, ಎಮ್ಮೆಗೆ ಬರೆ: ಕಂಪ್ಯೂಟರಿನ ಕಾಯಿಲೆ ಎಲ್ಲಿದೆ ಎಂದು ಹುಡುಕುವ ಬಗೆ

"ಸಿಸ್ಟಮ್ ವರ್ಕ್ ಆಗ್ತಿಲ್ಲ, ಸ್ವಲ್ಪ ನೋಡ್ತೀರಾ?"

ಕಂಪ್ಯೂಟರ್ ಬಗ್ಗೆ ಒಂದಿಷ್ಟು ಗೊತ್ತು ಎಂದು ಹೆಸರು ಮಾಡಿಕೊಂಡವರಿಗೆಲ್ಲ ಈ ಮಾತು ಆಗಾಗ ಕಿವಿಗೆ ಬೀಳುತ್ತಲೇ ಇರುತ್ತದೆ. ಇದರಲ್ಲಿ ಸಂಕಟ ಇದೆ, ಸುದ್ದಿ ಇಲ್ಲ. ಪರದೆಯೇ ಬೆಳಗುತ್ತಿಲ್ಲವೋ, ಬೆಳಗಿ ಅರ್ಧಕ್ಕೆ ನಿಂತಿದೆಯೋ, ಎಲ್ಲ ಸರಿಯಿದ್ದು ಒಂದು ಸಾಫ್ಟ್‌ವೇರ್ ಮಾತ್ರ ತೆರೆಯುತ್ತಿಲ್ಲವೋ, ಅದೂ ತೆರೆದು ಪ್ರಿಂಟ್ ಮಾತ್ರ ಬರುತ್ತಿಲ್ಲವೋ? ನಾಲ್ಕೂ ಬೇರೆ ಬೇರೆ ಕಾಯಿಲೆ. ಆದರೆ ಹೇಳುವವರ ಬಾಯಲ್ಲಿ ನಾಲ್ಕಕ್ಕೂ ಅದೇ ವಾಕ್ಯ. ಕೇಳಿಸಿಕೊಂಡವರೂ ಅವಸರದಲ್ಲೇ ಇರುತ್ತಾರೆ. ಆಂಟಿವೈರಸ್ ಓಡಿಸಿ, ಡ್ರೈವರ್ ಅಪ್‌ಡೇಟ್ ಮಾಡಿ, ಯಾವುದಕ್ಕೂ ಬಗ್ಗದಿದ್ದರೆ ಫಾರ್ಮ್ಯಾಟ್ ಹೊಡೆದುಬಿಡಿ ಅನ್ನುತ್ತಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ಅಂದರೆ ಇದೇ. ಫಾರ್ಮ್ಯಾಟ್ ಆದ ಮೇಲೂ ಪ್ರಿಂಟ್ ಬರುವುದಿಲ್ಲ, ಯಾಕೆಂದರೆ ಕೇಬಲ್ ಸಡಿಲವಾಗಿತ್ತು.

ಔಷಧಿ ಗೊತ್ತಿರುವವರು ಬೇಕಾದಷ್ಟು ಜನ ಸಿಗುತ್ತಾರೆ, ಹುಡುಕಿದರೆ ಬ್ರೌಸರಿನಲ್ಲೂ ಸಿಗುತ್ತದೆ. ಕಷ್ಟದ ಕೆಲಸ ಅದಕ್ಕೂ ಮೊದಲಿನದು: ಕಾಯಿಲೆ ಯಾವ ಅಂಗದಲ್ಲಿದೆ ಎಂದು ಗೊತ್ತುಮಾಡಿಕೊಳ್ಳುವುದು. ಪಳಗಿದ ಸಿಸ್ಟಮ್ ಅಡ್ಮಿನ್ ಒಬ್ಬರು ಕೆಲಸ ಮಾಡುವುದನ್ನು ಗಮನಿಸಿ. ಅವರು ಮೊದಲ ಹತ್ತು ನಿಮಿಷ ಏನನ್ನೂ ಸರಿಮಾಡುವುದಿಲ್ಲ. ಒಂದಾದ ಮೇಲೊಂದು ಪ್ರಶ್ನೆ ಕೇಳುತ್ತಾರೆ, ಒಂದೊಂದು ಪ್ರಶ್ನೆಗೂ ಅನುಮಾನದ ಜಾಗ ಅರ್ಧಕ್ಕೆ ಇಳಿಯುತ್ತದೆ. ಗಣಿತ ಸರಳ: ದೋಷ ಇರಬಹುದಾದ ಜಾಗಗಳು 1000 ಇದ್ದರೂ, ಪ್ರತಿ ಸಲ ಅರ್ಧ ಕತ್ತರಿಸಿದರೆ ಹತ್ತನೆಯ ಕತ್ತರಿಕೆಗೆ ಒಂದೇ ಉಳಿಯುತ್ತದೆ. ಒಂದೊಂದನ್ನೇ ಮುಟ್ಟಿ ನೋಡುತ್ತ ಹೋದರೆ ಸಾವಿರ ಸಲ ಮುಟ್ಟಬೇಕಾದೀತು.

ಮೊದಲ ಕತ್ತರಿ ಎಲ್ಲಿಗೆ ಹಾಕಬೇಕು? "ನನಗೆ ಮಾತ್ರವೋ, ಎಲ್ಲರಿಗೂ ಹೀಗೆಯೋ?" ಎಂಬಲ್ಲಿಗೆ. ಒಂದು ವೆಬ್‌ಸೈಟ್ ತೆರೆಯುತ್ತಿಲ್ಲ ಅನ್ನಿ. ಅದೇ ವೈಫೈನಲ್ಲಿರುವ ಮೊಬೈಲಿನಲ್ಲಿ ತೆರೆದರೆ ವೈಫೈ, ರೂಟರ್, ಆ ವೆಬ್‌ಸೈಟಿನ ಸರ್ವರ್ ಮೂರೂ ಒಂದೇ ಏಟಿಗೆ ಅನುಮಾನದಿಂದ ಬಿಡುಗಡೆ. ಉಳಿದದ್ದು ನಿಮ್ಮ ಕಂಪ್ಯೂಟರ್. ಅಲ್ಲಿ ಬ್ರೌಸರಿನ ಪ್ರೈವೇಟ್ ವಿಂಡೋದಲ್ಲಿ ತೆರೆದು ನೋಡಿ. ಆ ವಿಂಡೋ ಸೈಟುಗಳು ಬಿಟ್ಟುಹೋದ ಹಳೆಯ ಗುರುತಿನ ಚೂರುಗಳಾದ ಕುಕ್ಕಿಗಳನ್ನೂ ಉಳಿಸಿಟ್ಟ ಹಳೆಯ ಪುಟಗಳನ್ನೂ ಬಳಸುವುದಿಲ್ಲ. ಎಕ್ಸ್‌ಟೆನ್ಶನ್‌ಗಳೂ ಸಾಮಾನ್ಯವಾಗಿ ಅಲ್ಲಿ ಓಡುವುದಿಲ್ಲ. ಅಲ್ಲಿ ತೆರೆದರೆ ದೋಷ ಈ ಮೂರರಲ್ಲೊಂದು. ಎರಡೇ ನಿಮಿಷ, ಯಾವುದನ್ನೂ ಅಳಿಸಿಲ್ಲ, ಯಾವುದನ್ನೂ ಇನ್‌ಸ್ಟಾಲ್ ಮಾಡಿಲ್ಲ.

ಎರಡನೆಯ ಪ್ರಶ್ನೆ, "ನಿನ್ನೆಗೂ ಇವತ್ತಿಗೂ ಏನು ಬದಲಾಯಿತು?" ಇದಕ್ಕೆ ಬರುವ ಉತ್ತರ ಯಾವಾಗಲೂ ಒಂದೇ: "ನಾನೇನೂ ಮಾಡಿಲ್ಲ." ಹೇಳುವವರು ಸುಳ್ಳು ಹೇಳುತ್ತಿರುವುದಿಲ್ಲ. ರಾತ್ರಿ ತಾನಾಗಿ ಬಂದು ಕುಳಿತ ಅಪ್‌ಡೇಟ್, ಅವಧಿ ಮುಗಿದ ಪಾಸ್‌ವರ್ಡ್, ಇಂಚಿಂಚಾಗಿ ತುಂಬಿಕೊಂಡ ಡಿಸ್ಕ್, ಇವನ್ನು ಯಾರೂ "ಮಾಡುವುದಿಲ್ಲ". ಹಾಗಾಗಿ "ನೀವೇನು ಮಾಡಿದಿರಿ" ಎಂದು ಕೇಳುವುದಕ್ಕಿಂತ "ಕೊನೆಯ ಸಲ ಸರಿಯಾಗಿ ಓಡಿದ್ದು ಯಾವಾಗ" ಎಂದು ಕೇಳುವುದು ಲೇಸು. ಆರೋಪದ ವಾಸನೆ ಇಲ್ಲದಿದ್ದರೆ ಜನ ನಿಜ ಹೇಳುತ್ತಾರೆ.

"ನೆಟ್ ಬರ್ತಿಲ್ಲ" ಎಂಬ ಸರಪಳಿ

ಅರ್ಧಕ್ಕೆ ಕತ್ತರಿಸುವ ಆಟ ಚೆನ್ನಾಗಿ ಕಾಣುವುದು ನೆಟ್‌ವರ್ಕ್ ತೊಂದರೆಯಲ್ಲಿ. ನಿಮ್ಮ ಕಂಪ್ಯೂಟರಿನಿಂದ ಒಂದು ವೆಬ್‌ಸೈಟಿನ ತನಕ ಒಂದು ಸರಪಳಿ ಇದೆ: ಕಂಪ್ಯೂಟರ್, ವೈಫೈ ಅಥವಾ ಕೇಬಲ್, ರೂಟರ್, ಸೇವೆ ಕೊಡುವ ಕಂಪನಿಯ ಜಾಲ, ಹೆಸರನ್ನು ವಿಳಾಸವಾಗಿಸುವ ಡಿಎನ್‌ಎಸ್, ಆಚೆಗಿನ ಸರ್ವರ್, ಅದರೊಳಗೆ ಓಡುವ ತಂತ್ರಾಂಶ. ಕೊಂಡಿ ಎಲ್ಲಿ ಕಳಚಿದರೂ ನಮಗೆ ಕಾಣುವುದು ಅದೇ ಖಾಲಿ ಪುಟ.

ಮೊದಲು ನಿಮ್ಮ ಯಂತ್ರಕ್ಕೆ ಸಿಕ್ಕಿರುವ ಐಪಿ ವಿಳಾಸ, ಅಂದರೆ ಜಾಲದಲ್ಲಿ ಅದನ್ನು ಗುರುತಿಸುವ ಸಂಖ್ಯೆ, ನೋಡಿ. ಅದು 169.254 ಎಂದು ಶುರುವಾಗಿದ್ದರೆ ಮುಂದೆ ಹೋಗುವ ಅಗತ್ಯವೇ ಇಲ್ಲ. ರೂಟರಿನಿಂದ ವಿಳಾಸ ಸಿಗದೆ ನಿಮ್ಮ ಕಂಪ್ಯೂಟರ್ ತನಗೆ ತಾನೇ ಒಂದು ವಿಳಾಸ ಇಟ್ಟುಕೊಂಡಿದೆ ಎಂದು ಅದರರ್ಥ. ತೊಂದರೆ ನಿಮಗೂ ರೂಟರಿಗೂ ನಡುವೆಯೇ ಇದೆ. ವಿಳಾಸ ಸರಿಯಿದ್ದರೆ ರೂಟರನ್ನು ಪಿಂಗ್ ಮಾಡಿ, ಅಂದರೆ "ಇದ್ದೀಯಾ" ಎಂದು ಕೂಗಿ ನೋಡುವ ಆದೇಶ ಕೊಡಿ. ಮನೆಬಳಕೆಯ ರೂಟರಿನ ವಿಳಾಸ ಬಹುಮಟ್ಟಿಗೆ 192.168.1.1 ಅಥವಾ 192.168.0.1. ಅದು ಓಗೊಟ್ಟರೆ ಗೂಗಲ್‌ನ 8.8.8.8 ಅಥವಾ ಕ್ಲೌಡ್‌ಫ್ಲೇರ್‌ನ 1.1.1.1 ಅನ್ನು ಪಿಂಗ್ ಮಾಡಿ. ಅಂಕಿಗಳಿಗೆ ಉತ್ತರ ಬಂದು ಹೆಸರುಗಳಿಗೆ ಬಾರದಿದ್ದರೆ ಡಿಎನ್‌ಎಸ್ ಕೈಕೊಟ್ಟಿದೆ. ಇಲ್ಲೊಂದು ಎಚ್ಚರ: ಪಿಂಗ್‌ಗೆ ಉತ್ತರಿಸಬಾರದು ಎಂದೇ ಕೆಲವು ಸರ್ವರ್‌ಗಳನ್ನು ಕಟ್ಟಿಟ್ಟಿರುತ್ತಾರೆ. ಉತ್ತರ ಬಂದರೆ ಜೀವ ಇದೆ ಎನ್ನುವುದು ಖಚಿತ, ಬಾರದಿದ್ದರೆ ಜೀವ ಹೋಗಿದೆ ಎನ್ನಲಾಗದು.

ಡಿಎನ್‌ಎಸ್ ಎಂಥ ಸೂಕ್ಷ್ಮದ ಕೊಂಡಿ ಎನ್ನುವುದಕ್ಕೆ 2021ರ ಅಕ್ಟೋಬರ್ 4ರ ಘಟನೆ ಸಾಕು. ಅಂದು ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸ್ಆ್ಯಪ್ ಮೂರೂ ಸುಮಾರು ಆರು ಗಂಟೆ ಲೋಕದಿಂದಲೇ ಮಾಯವಾದವು. ಒಳಗಿನ ಸರ್ವರ್‌ಗಳಿಗೆ ಏನೂ ಆಗಿರಲಿಲ್ಲ. ನಿರ್ವಹಣೆಯ ವೇಳೆ ಕೊಟ್ಟ ಒಂದು ಆದೇಶ ಕಂಪನಿಯ ಡೇಟಾ ಸೆಂಟರ್‌ಗಳ ನಡುವಿನ ಸಂಪರ್ಕ ಕಡಿದು ಹಾಕಿತು. ಅದನ್ನು ಕಂಡ ಡಿಎನ್‌ಎಸ್ ಸರ್ವರ್‌ಗಳು ತಮ್ಮಲ್ಲಿಗೆ ಬರುವ ದಾರಿಯನ್ನೇ ಅಂತರ್ಜಾಲದ ನಕ್ಷೆಯಿಂದ ಹಿಂತೆಗೆದುಕೊಂಡವು. ಊಟಕ್ಕೆ ಕರೆದು ಮನೆಯ ನಂಬರನ್ನೇ ಅಳಿಸಿದ ಹಾಗೆ. ಕಂಪನಿಯ ಒಳಗಿನ ರಿಪೇರಿ ಸಲಕರಣೆಗಳೂ ಅದೇ ಜಾಲವನ್ನು ನೆಚ್ಚಿಕೊಂಡಿದ್ದರಿಂದ ಇಂಜಿನಿಯರುಗಳು ಖುದ್ದಾಗಿ ಡೇಟಾ ಸೆಂಟರಿಗೆ ಹೋಗಬೇಕಾಯಿತು. ಆ ಹೊತ್ತಿನಲ್ಲಿ ಮನೆಯ ರೂಟರನ್ನು ಎಷ್ಟು ಸಲ ಆಫ್ ಮಾಡಿ ಆನ್ ಮಾಡಿದ್ದರೂ ಪ್ರಯೋಜನ ಇರಲಿಲ್ಲ. ಬೇರೆ ಯಾವುದಾದರೂ ಸೈಟ್ ತೆರೆದು ನೋಡಿದ್ದವರಿಗೆ ಹತ್ತು ಸೆಕೆಂಡಿನಲ್ಲಿ ವಿಷಯ ತಿಳಿಯುತ್ತಿತ್ತು.

ಇನ್ನು ಎರರ್ ಮೆಸೇಜ್‌ಗಳು. ಬಹಳ ಜನ ಅದನ್ನು ಓದುವುದೇ ಇಲ್ಲ, ಕೆಂಪು ಕಂಡ ಕೂಡಲೇ ಓಕೆ ಒತ್ತಿಬಿಡುತ್ತಾರೆ. ನನ್ನ ಮಟ್ಟಿಗೆ ಇಡೀ ಕಸುಬಿನಲ್ಲಿ ಅತಿ ದುಬಾರಿ ಚಟ ಇದು. ಒಂದು ಸರ್ವರಿಗೆ ಸಂಪರ್ಕ ಸಿಗದಿದ್ದಾಗ ಬರುವ ಮೂರು ಮಾತುಗಳನ್ನು ಹೋಲಿಸಿ ನೋಡಿ. "ಹೋಸ್ಟ್ ನಾಟ್ ಫೌಂಡ್" ಎಂದರೆ ಹೆಸರಿಗೆ ವಿಳಾಸವೇ ಸಿಗಲಿಲ್ಲ, ನೀವು ಇನ್ನೂ ಹೊಸ್ತಿಲು ದಾಟಿಲ್ಲ. "ಕನೆಕ್ಷನ್ ರೆಫ್ಯೂಸ್ಡ್" ಎಂದರೆ ಆ ಮನೆಯ ತನಕ ಹೋಗಿದ್ದೀರಿ, ಕದ ತಟ್ಟಿದ್ದೀರಿ, ಒಳಗಿನಿಂದ "ಇಲ್ಲಿ ಆ ಹೆಸರಿನವರಿಲ್ಲ, ಹೋಗಿ" ಎಂದು ಉತ್ತರವೂ ಬಂದಿದೆ. ಯಂತ್ರ ಬದುಕಿದೆ, ದಾರಿ ತೆರೆದಿದೆ, ಆ ಪೋರ್ಟಿನಲ್ಲಿ, ಅಂದರೆ ಆ ಸೇವೆಗೆಂದು ಇರುವ ಬಾಗಿಲಲ್ಲಿ, ಕಿವಿಗೊಟ್ಟು ಕೂರಬೇಕಾದ ತಂತ್ರಾಂಶ ಮಾತ್ರ ಸಾಮಾನ್ಯವಾಗಿ ಓಡುತ್ತಿರುವುದಿಲ್ಲ. "ಕನೆಕ್ಷನ್ ಟೈಮ್ಡ್ ಔಟ್" ಎಂದರೆ ತಟ್ಟಿ ತಟ್ಟಿ ಕೈ ಸೋತಿತು, ಒಳಗಿನಿಂದ ಉಸಿರೇ ಇಲ್ಲ. ಯಂತ್ರ ಆಫ್ ಆಗಿರಬಹುದು, ಇಲ್ಲವೇ ನಡುವೆ ಬೇಡದ ಸಂಪರ್ಕ ತಡೆಯುವ ಫೈರ್‌ವಾಲ್ ನಿಂತು ನಿಮ್ಮ ಪ್ಯಾಕೆಟ್‌ಗಳನ್ನು ಸದ್ದಿಲ್ಲದೆ ನುಂಗುತ್ತಿರಬಹುದು.

ಸೋಲು ಎಷ್ಟು ಬೇಗ ಬಂತು ಎನ್ನುವುದೂ ಒಂದು ಸುಳಿವು. ಗುಂಡಿ ಒತ್ತಿದ ತಕ್ಷಣ ಎರರ್ ಬಂದರೆ ಯಾರೋ ಬೇಡ ಅಂದಿದ್ದಾರೆ. ಅರ್ಧ ನಿಮಿಷ ತಿರುಗಿ ತಿರುಗಿ ಆಮೇಲೆ ಬಂದರೆ ಯಾರೂ ಏನೂ ಅಂದಿಲ್ಲ. ಮೆಸೇಜ್ ಓದಲು ಬಾರದ ಭಾಷೆಯಲ್ಲಿದ್ದರೂ ಈ ಲೆಕ್ಕ ತಪ್ಪುವುದು ಅಪರೂಪ.

ಹೊಸದಾಗಿ ಸರ್ವರ್ ಕಟ್ಟುವವರು ಮುಗ್ಗರಿಸುವ ಇನ್ನೊಂದು ಕಲ್ಲು ಇಲ್ಲೇ ಇದೆ. ಸರ್ವರಿನ ಒಳಗೆ ಕುಳಿತು ನೋಡಿದರೆ ತಂತ್ರಾಂಶ ಚೆನ್ನಾಗಿ ಓಡುತ್ತಿದೆ, ಹೊರಗಿನಿಂದ ನೋಡಿದರೆ ರೆಫ್ಯೂಸ್ಡ್. ತಂತ್ರಾಂಶ 127.0.0.1 ಎಂಬ ವಿಳಾಸದಲ್ಲಿ ಮಾತ್ರ ಕಿವಿಗೊಟ್ಟಿದೆಯೇ ಎಂದು ನೋಡಿ. ಆ ವಿಳಾಸಕ್ಕೆ "ನಾನೇ" ಎಂದರ್ಥ. ಅದು ತನ್ನ ಮನೆಯವರ ಮಾತನ್ನು ಬಿಟ್ಟು ಬೇರೆ ಯಾರದ್ದನ್ನೂ ಕೇಳಿಸಿಕೊಳ್ಳುವುದಿಲ್ಲ. ಎಲ್ಲ ವಿಳಾಸಗಳಲ್ಲೂ ಕೇಳು ಎನ್ನಲು 0.0.0.0 ಎಂದು ಕೊಡಬೇಕು. ಹಾಗೆ ಕೊಟ್ಟ ಮೇಲೆ ಫೈರ್‌ವಾಲ್ ಗಟ್ಟಿಯಿದೆಯೇ ಎಂದೂ ನೋಡಿಕೊಳ್ಳಬೇಕು. ಡೇಟಾಬೇಸನ್ನು ಹೀಗೆ ಊರಿಗೆಲ್ಲ ತೆರೆದಿಟ್ಟು ಮಾನ ಕಳೆದುಕೊಂಡವರು ಕಡಿಮೆಯಿಲ್ಲ.

ಪುಟದ ಮೇಲೆ ಕಾಣುವ ಮೂರಂಕಿಗಳಿಗೂ ವ್ಯಾಕರಣ ಇದೆ. 4ರಿಂದ ಶುರುವಾದರೆ ಕೇಳಿದ ರೀತಿ ತಪ್ಪು ಎಂದು ಸರ್ವರ್ ಹೇಳುತ್ತಿದೆ: 404 ಎಂದರೆ ಆ ಪುಟ ಇಲ್ಲ, 403 ಎಂದರೆ ಇದ್ದರೂ ನಿನಗೆ ಅನುಮತಿ ಇಲ್ಲ. 5ರಿಂದ ಶುರುವಾದರೆ ತಪ್ಪು ಸರ್ವರ್ ಕಡೆಯದು. 500 ಬಂದರೆ ತಂತ್ರಾಂಶವೇ ಎಡವಿದೆ, ನಡೆದದ್ದನ್ನೆಲ್ಲ ಬರೆದಿಡುವ ಅದರ ದಿನಚರಿಯನ್ನು, ಅಂದರೆ ಲಾಗ್ ಅನ್ನು, ತೆರೆಯಿರಿ. 502 ಬಂದಾಗ ಸ್ವಲ್ಪ ಯೋಚಿಸಬೇಕು. ಬಹಳಷ್ಟು ಸೈಟ್‌ಗಳಲ್ಲಿ ಮುಂಬಾಗಿಲಲ್ಲಿ ಎನ್‌ಜಿನ್‌ಎಕ್ಸ್‌ನಂಥ ಒಂದು ಸರ್ವರ್ ನಿಂತಿರುತ್ತದೆ, ನಿಜವಾದ ಕೆಲಸ ಮಾಡುವ ತಂತ್ರಾಂಶ ಅದರ ಹಿಂದೆ ಇರುತ್ತದೆ. ಮುಂದಿನವನು ಬದುಕಿದ್ದಾನೆ, ಹಿಂದಿನವನಿಂದ ಸರಿಯಾದ ಉತ್ತರ ಬಂದಿಲ್ಲ ಎನ್ನುವುದೇ 502. ಹಿಂದಿನವನು ಉತ್ತರ ಕೊಡಲು ತುಂಬ ಹೊತ್ತು ಮಾಡಿದರೆ 504. ಎನ್‌ಜಿನ್‌ಎಕ್ಸ್ ರೀಸ್ಟಾರ್ಟ್ ಮಾಡಿ 502 ಸರಿಯಾಗಲಿಲ್ಲ ಎಂದು ಗೊಣಗುವವರು ಮತ್ತೆ ಎಮ್ಮೆಗೇ ಬರೆ ಎಳೆಯುತ್ತಿದ್ದಾರೆ.

ಸರ್ಟಿಫಿಕೇಟ್ ಎರರ್ ಬಗ್ಗೆ ಒಂದೇ ಮಾತು. ಸರ್ಟಿಫಿಕೇಟ್ ಎಂದರೆ ಸೈಟ್ ತಾನೇ ಅಸಲಿ ಎಂದು ಬ್ರೌಸರಿಗೆ ತೋರಿಸುವ ಗುರುತಿನ ಚೀಟಿ. ಒಂದು ಸೈಟ್ ಮಾತ್ರ "ಸುರಕ್ಷಿತವಲ್ಲ" ಎಂದರೆ ಆ ಸೈಟಿನವರು ಸರ್ಟಿಫಿಕೇಟ್ ನವೀಕರಿಸಲು ಮರೆತಿರಬಹುದು. ಎಲ್ಲ ಸೈಟ್‌ಗಳೂ ಒಟ್ಟಿಗೆ ಹಾಗೆಂದರೆ ನಿಮ್ಮ ಕಂಪ್ಯೂಟರಿನ ಗಡಿಯಾರ ನೋಡಿ. ಮದರ್‌ಬೋರ್ಡಿನ ಮೇಲೆ ಬಿಲ್ಲೆಯಂಥ ಬ್ಯಾಟರಿ ಇರುತ್ತದೆ, ಸಾಮಾನ್ಯವಾಗಿ 3 ವೋಲ್ಟಿನ ಸಿಆರ್2032. ಅದು ಸತ್ತರೆ, ಪ್ಲಗ್ ತೆಗೆದು ಹಾಕಿದಾಗ ಯಂತ್ರ ಎಷ್ಟೋ ವರ್ಷ ಹಿಂದಿನ ತಾರೀಖಿನಲ್ಲಿ ಎಚ್ಚರಗೊಳ್ಳುತ್ತದೆ. ಆ ತಾರೀಖಿನಿಂದ ನೋಡಿದರೆ ಇವತ್ತಿನ ಸರ್ಟಿಫಿಕೇಟ್‌ಗಳೆಲ್ಲ ಇನ್ನೂ ಹುಟ್ಟೇ ಇಲ್ಲ.

ರೀಸ್ಟಾರ್ಟ್ ಮಾಡಿದರೆ ಯಾಕೆ ಸರಿಹೋಗುತ್ತದೆ?

"ಒಂದ್ಸಲ ಆಫ್ ಮಾಡಿ ಆನ್ ಮಾಡಿ ನೋಡಿ" ಎನ್ನುವುದು ಹಾಸ್ಯಕ್ಕೆ ವಸ್ತುವಾಗಿದೆ. ಆದರೆ ಅದು ನಿಜಕ್ಕೂ ಕೆಲಸ ಮಾಡುತ್ತದೆ, ಅದಕ್ಕೆ ಕಾರಣವೂ ಇದೆ. ಓಡುತ್ತಿರುವ ತಂತ್ರಾಂಶ ತನ್ನ ಸ್ಥಿತಿಯನ್ನೆಲ್ಲ ಮೆಮೊರಿಯಲ್ಲಿ ಇಟ್ಟುಕೊಂಡಿರುತ್ತದೆ: ತೆರೆದ ಫೈಲುಗಳು, ಅರ್ಧ ಮುಗಿದ ಕೆಲಸಗಳು, ಲೆಕ್ಕದ ಸಂಖ್ಯೆಗಳು. ಗಂಟೆಗಳು ದಿನಗಳು ಕಳೆದಂತೆ, ಬರೆದವರು ಊಹಿಸಿಯೇ ಇರದ ಸ್ಥಿತಿಗೆ ಅದು ಹೋಗಿ ಸಿಕ್ಕಿಕೊಳ್ಳುತ್ತದೆ. ಬಳಸಿದ ಮೆಮೊರಿಯನ್ನು ಹಿಂದಿರುಗಿಸುವುದನ್ನು ಮರೆಯುವ ತಂತ್ರಾಂಶವಂತೂ ಸೋರುವ ಕೊಡದ ಹಾಗೆ. ರೀಸ್ಟಾರ್ಟ್ ಮಾಡಿದರೆ ಆ ಸ್ಥಿತಿಯೆಲ್ಲ ಅಳಿದು, ಅತಿ ಹೆಚ್ಚು ಸಲ ಪರೀಕ್ಷೆಗೆ ಒಳಗಾದ ಸ್ಥಿತಿಗೆ, ಅಂದರೆ ಆಗಷ್ಟೇ ಶುರುವಾದ ಸ್ಥಿತಿಗೆ ಎಲ್ಲವೂ ಮರಳುತ್ತದೆ.

ಕಾಲ ಕಳೆದಂತೆ ತುಂಬುವ ಲೆಕ್ಕಗಳ ಕಥೆ ಇನ್ನೂ ಸ್ವಾರಸ್ಯದ್ದು. ವಿಂಡೋಸ್ 95 ಶುರುವಾದಾಗಿನಿಂದ ಎಷ್ಟು ಮಿಲಿಸೆಕೆಂಡ್ ಆಯಿತು ಎಂದು 32 ಬಿಟ್‌ನ ಒಂದು ಸಂಖ್ಯೆಯಲ್ಲಿ ಎಣಿಸುತ್ತಿತ್ತು. ಆ ಜಾಗದಲ್ಲಿ ಹಿಡಿಸುವುದು ಸುಮಾರು 429 ಕೋಟಿ ಮಾತ್ರ, ಅಂದರೆ 49.7 ದಿನ. ಅಷ್ಟು ದಿನ ನಿಲ್ಲದೆ ಓಡಿದರೆ ಯಂತ್ರ ಹ್ಯಾಂಗ್ ಆಗುತ್ತಿತ್ತು. ಈ ದೋಷ ಬೆಳಕಿಗೆ ಬರಲು ವರ್ಷಗಳೇ ಹಿಡಿದವು. ವಿಂಡೋಸ್ 95 ಅದಕ್ಕೂ ಮೊದಲೇ ಬೇರೆ ಯಾವುದಾದರೂ ಕಾರಣಕ್ಕೆ ಮಲಗಿರುತ್ತಿತ್ತಲ್ಲ! ಇದನ್ನು ಕೇಳಿ ನಗಬಹುದು, ಆದರೆ 2015ರಲ್ಲಿ ಅಮೆರಿಕದ ವಿಮಾನಯಾನ ಆಡಳಿತ ಬೋಯಿಂಗ್ 787 ವಿಮಾನಗಳಿಗೆ ಹೊರಡಿಸಿದ ಆದೇಶ ನಗುವಂಥದ್ದಾಗಿರಲಿಲ್ಲ. 248 ದಿನ ಸತತವಾಗಿ ವಿದ್ಯುತ್ ಹರಿದರೆ ಜನರೇಟರ್ ನಿಯಂತ್ರಿಸುವ ಘಟಕಗಳೊಳಗಿನ ಒಂದು ಲೆಕ್ಕ ಉಕ್ಕಿ, ಘಟಕಗಳೆಲ್ಲ ಒಟ್ಟಿಗೆ ನಿಂತುಹೋಗಬಹುದು ಎಂದಿತ್ತು ಅದು. ಸೆಕೆಂಡಿನ ನೂರನೇ ಒಂದು ಭಾಗವನ್ನು ಎಣಿಸುತ್ತ ಹೋದರೆ 31 ಬಿಟ್ ತುಂಬಲು ಹಿಡಿಯುವ ಕಾಲವೂ ಸುಮಾರು 248 ದಿನವೇ. ತಂತ್ರಾಂಶ ತಿದ್ದುವ ತನಕ ಪರಿಹಾರ? ಆಗಾಗ ಆಫ್ ಮಾಡಿ ಆನ್ ಮಾಡುವುದು.

1991ರ ಫೆಬ್ರವರಿ 25ರಂದು ಸೌದಿ ಅರೇಬಿಯಾದ ಧಹ್ರಾನ್‌ನಲ್ಲಿ ಆದದ್ದು ಇದೇ ಜಾತಿಯ ದುರಂತ. ಕ್ಷಿಪಣಿ ಹೊಡೆದುರುಳಿಸುವ ಪೇಟ್ರಿಯಟ್ ವ್ಯವಸ್ಥೆ ಸುಮಾರು 100 ಗಂಟೆ ನಿಲ್ಲದೆ ಓಡಿತ್ತು. ಸೆಕೆಂಡಿನ ಹತ್ತನೇ ಒಂದು ಭಾಗವನ್ನು ಕಂಪ್ಯೂಟರ್ ಬಳಸುವ ಎರಡರ ಅಂಕಿಯಲ್ಲಿ (ಬರೀ 0 ಮತ್ತು 1ರಲ್ಲಿ) ಪೂರ್ತಿಯಾಗಿ ಬರೆಯಲು ಬರುವುದಿಲ್ಲ, ಬಾಲ ಕತ್ತರಿಸಬೇಕು. ಕತ್ತರಿಸಿದ ಆ ಚೂರು ಕೂಡುತ್ತ ಕೂಡುತ್ತ ನೂರು ಗಂಟೆಗೆ ಸೆಕೆಂಡಿನ ಮೂರನೇ ಒಂದು ಭಾಗದಷ್ಟು ತಪ್ಪಾಯಿತು. ಅಷ್ಟರಲ್ಲಿ ಸ್ಕಡ್ ಕ್ಷಿಪಣಿ ಅರ್ಧ ಕಿಲೋಮೀಟರಿಗೂ ಹೆಚ್ಚು ದೂರ ಸಾಗುತ್ತದೆ. ಪೇಟ್ರಿಯಟ್ ಅದನ್ನು ತಡೆಯಲಿಲ್ಲ, 28 ಸೈನಿಕರು ಸತ್ತರು. ಬಹಳ ಹೊತ್ತು ಓಡಿಸಿದರೆ ಗುರಿ ತಪ್ಪುತ್ತದೆ ಎಂಬ ಎಚ್ಚರಿಕೆ ಮೊದಲೇ ಹೋಗಿತ್ತು. "ಬಹಳ ಹೊತ್ತು" ಎಂದರೆ ಎಷ್ಟು ಎಂದು ಅದರಲ್ಲಿ ಇರಲಿಲ್ಲ. ತಿದ್ದಿದ ತಂತ್ರಾಂಶ ತಲುಪಿದ್ದು ಮರುದಿನ.

ನಮ್ಮ ನಿಮ್ಮ ಮೇಜಿಗೆ ಬರೋಣ. "ನಾನು ದಿನಾ ಶಟ್‌ಡೌನ್ ಮಾಡ್ತೀನಿ, ಆದರೂ ತೊಂದರೆ ಹೋಗಿಲ್ಲ" ಎನ್ನುವವರಿಗೆ ಒಂದು ಗುಟ್ಟು. ವಿಂಡೋಸ್ 8ರಿಂದೀಚೆಗೆ ಫಾಸ್ಟ್ ಸ್ಟಾರ್ಟಪ್ ಎಂಬ ಸೌಲಭ್ಯ ಇದೆ. ಅದು ಚಾಲೂ ಇದ್ದರೆ ಶಟ್‌ಡೌನ್ ಒತ್ತಿದಾಗ ವಿಂಡೋಸಿನ ಹೃದಯಭಾಗವಾದ ಕರ್ನಲ್‌ನ ಸ್ಥಿತಿ ಅಳಿಯುವುದಿಲ್ಲ, ಡಿಸ್ಕಿಗೆ ಬರೆದಿಟ್ಟುಕೊಂಡು ಬೆಳಿಗ್ಗೆ ಅದನ್ನೇ ಎಬ್ಬಿಸುತ್ತದೆ. ಹಠಮಾರಿ ಡ್ರೈವರ್ ತನ್ನ ಹಠದೊಂದಿಗೇ ಮರಳಿ ಬರುತ್ತದೆ. ರೀಸ್ಟಾರ್ಟ್ ಒತ್ತಿದರೆ ಮಾತ್ರ ಎಲ್ಲವೂ ಮೊದಲಿನಿಂದ ಶುರು. ಹೆಸರು ನೋಡಿದರೆ ಶಟ್‌ಡೌನ್ ದೊಡ್ಡದು, ರೀಸ್ಟಾರ್ಟ್ ಸಣ್ಣದು ಅನ್ನಿಸುತ್ತದೆ. ಇಲ್ಲಿ ಉಲ್ಟಾ.

ರೀಸ್ಟಾರ್ಟಿಗೆ ಒಂದು ಕೆಟ್ಟ ಗುಣವೂ ಇದೆ, ಅದು ಸಾಕ್ಷಿ ನಾಶ ಮಾಡುತ್ತದೆ. ಸರ್ವರ್ ಆಗಿದ್ದರಂತೂ ಗುಂಡಿ ಒತ್ತುವ ಮೊದಲು ಎರಡು ನಿಮಿಷ ಕೊಡಿ. ಯಾವ ಪ್ರೋಗ್ರಾಂ ಎಷ್ಟು ಮೆಮೊರಿ ತಿನ್ನುತ್ತಿತ್ತು, ಡಿಸ್ಕ್ ಎಷ್ಟು ತುಂಬಿತ್ತು, ಲಾಗಿನ ಕೊನೆಯ ಸಾಲುಗಳಲ್ಲಿ ಏನಿತ್ತು ಎಂದು ಉಳಿಸಿಕೊಳ್ಳಿ. ಮನೆಯ ಕಂಪ್ಯೂಟರಾದರೆ ಪರದೆಯ ಒಂದು ಫೋಟೋ ಸಾಕು. ರೀಸ್ಟಾರ್ಟಿನಿಂದ ಸರಿಹೋಗಿ ಒಂಬತ್ತು ದಿನಕ್ಕೆ ಮತ್ತೆ ಬಂದರೆ, ಮತ್ತೆ ಒಂಬತ್ತು ದಿನಕ್ಕೆ ಬಂದರೆ, ಆ ಒಂಬತ್ತೇ ಸುಳಿವು. ಏನೋ ಒಂದು ನಿಧಾನವಾಗಿ ತುಂಬುತ್ತಿದೆ.

ತುಂಬಿದ ಡಿಸ್ಕಿನ ಆಟಗಳು

ಸರ್ವರ್ ವಿಚಿತ್ರವಾಗಿ ಆಡುತ್ತಿದೆ ಎಂದು ಯಾರಾದರೂ ಹೇಳಿದರೆ ನಾನು ಬೇರೆ ಏನನ್ನೂ ಕೇಳುವ ಮೊದಲು ಡಿಸ್ಕ್ ತುಂಬಿದೆಯೇ ನೋಡಿ ಎನ್ನುತ್ತೇನೆ. ಯಾಕೆಂದರೆ ತುಂಬಿದ ಡಿಸ್ಕ್ ತನ್ನ ಹೆಸರು ಹೇಳಿಕೊಂಡು ಬರುವುದಿಲ್ಲ. ಪುಟಗಳು ತೆರೆಯುತ್ತವೆ, ಲಾಗಿನ್ ಮಾತ್ರ ಆಗುವುದಿಲ್ಲ, ಏಕೆಂದರೆ ಯಾರು ಲಾಗಿನ್ ಆದರು ಎಂದು ಬರೆದಿಡಲು ಜಾಗ ಇಲ್ಲ. ಡೇಟಾಬೇಸ್ ಓದುತ್ತದೆ, ಬರೆಯುವುದಿಲ್ಲ. ಮೇಲ್ ಬರುವುದು ನಿಲ್ಲುತ್ತದೆ. ಅತಿ ದೊಡ್ಡ ವ್ಯಂಗ್ಯ ಏನೆಂದರೆ, ಲಾಗ್ ತೆರೆದರೆ ಅಲ್ಲಿ ಎರರ್ ಕೂಡ ಇರುವುದಿಲ್ಲ. ಅದನ್ನು ಬರೆಯಲೂ ಜಾಗ ಬೇಕಲ್ಲ.

ಲಿನಕ್ಸ್‌ನಲ್ಲಿ ಡಿಎಫ್ ಎಂಬ ಆದೇಶ ಕೊಟ್ಟರೆ ಯಾವ ಡಿಸ್ಕ್ ಎಷ್ಟು ತುಂಬಿದೆ ಎಂದು ತಿಳಿಯುತ್ತದೆ, ಡಿಯು ಎಂಬ ಆದೇಶ ಯಾವ ಫೋಲ್ಡರ್ ಎಷ್ಟು ತಿಂದಿದೆ ಎಂದು ಹೇಳುತ್ತದೆ. ಬಹುತೇಕ ಸಲ ಕಳ್ಳ ಒಂದು ದೈತ್ಯ ಲಾಗ್ ಫೈಲ್. ಅದನ್ನು ಅಳಿಸುತ್ತೀರಿ. ಮತ್ತೆ ಡಿಎಫ್ ನೋಡಿದರೆ ಒಂದು ಬೈಟ್ ಕೂಡ ಖಾಲಿಯಾಗಿಲ್ಲ! ದೆವ್ವದ ಕಾಟವಲ್ಲ. ಲಿನಕ್ಸ್‌ನಲ್ಲಿ ಫೈಲ್ ಅಳಿಸಿದರೆ ಅದರ ಹೆಸರು ಮಾತ್ರ ಹೋಗುತ್ತದೆ. ಯಾವುದಾದರೂ ಪ್ರೋಗ್ರಾಂ ಅದನ್ನು ಇನ್ನೂ ತೆರೆದು ಹಿಡಿದಿದ್ದರೆ, ಆ ಪ್ರೋಗ್ರಾಂ ಬಿಡುವ ತನಕ ಜಾಗ ಮರಳುವುದಿಲ್ಲ. ಡಿಎಫ್ ಒಂದು ಲೆಕ್ಕ, ಡಿಯು ಇನ್ನೊಂದು ಲೆಕ್ಕ ಹೇಳುತ್ತಿದ್ದರೆ ಇದೇ ಮೊದಲ ಅನುಮಾನ. ಆ ಸೇವೆಯನ್ನು ರೀಸ್ಟಾರ್ಟ್ ಮಾಡಿದರೆ ಜಾಗ ಸಿಗುತ್ತದೆ. ಮೊದಲೇ ಗೊತ್ತಿದ್ದವರು ಫೈಲನ್ನು ಅಳಿಸುವ ಬದಲು ಒಳಗಿನದನ್ನು ಮಾತ್ರ ಬರಿದು ಮಾಡುತ್ತಾರೆ.

ಇನ್ನೂ ಒಂದು ಮಾಯೆ ಇದೆ. ಡಿಸ್ಕಿನಲ್ಲಿ ಎಷ್ಟೋ ಜಿಬಿ ಖಾಲಿ ಇದ್ದರೂ "ನೋ ಸ್ಪೇಸ್ ಲೆಫ್ಟ್" ಎಂದು ಬರುತ್ತದೆ. ಪ್ರತಿ ಫೈಲಿಗೂ ಐನೋಡ್ ಎಂಬ ಒಂದು ದಾಖಲೆ ಚೀಟಿ ಬೇಕು. ಇಎಕ್ಸ್‌ಟಿ4ನಂಥ ಫೈಲ್ ವ್ಯವಸ್ಥೆಯಲ್ಲಿ ಆ ಚೀಟಿಗಳ ಸಂಖ್ಯೆ ಡಿಸ್ಕ್ ಫಾರ್ಮ್ಯಾಟ್ ಮಾಡಿದ ದಿನವೇ ನಿಗದಿಯಾಗಿರುತ್ತದೆ. ಲಕ್ಷಗಟ್ಟಲೆ ಪುಟಾಣಿ ಫೈಲುಗಳು ಸೇರಿಕೊಂಡರೆ ಗೋದಾಮು ಖಾಲಿಯಿದ್ದರೂ ಚೀಟಿ ಮುಗಿಯುತ್ತದೆ. ಡಿಎಫ್‌ಗೆ ಐ ಎಂಬ ಆಯ್ಕೆ ಸೇರಿಸಿದರೆ ಇದು ಕಾಣುತ್ತದೆ.

ನಿಧಾನ ಎನ್ನುವ ದೂರು

ನಿಧಾನ ಎನ್ನುವುದೂ "ವರ್ಕ್ ಆಗ್ತಿಲ್ಲ"ದಷ್ಟೇ ಮಬ್ಬು ಮಾತು. ಪ್ರೊಸೆಸರ್, ಮೆಮೊರಿ, ಡಿಸ್ಕ್, ನೆಟ್‌ವರ್ಕ್ ನಾಲ್ಕರಲ್ಲಿ ಯಾವುದಕ್ಕಾಗಿ ಉಳಿದವು ಕಾಯುತ್ತಿವೆ ಎಂದು ನೋಡಬೇಕು. ವಿಂಡೋಸಿನ ಟಾಸ್ಕ್ ಮ್ಯಾನೇಜರ್ ಇದನ್ನೇ ನಾಲ್ಕು ಕಂಬಗಳಲ್ಲಿ ತೋರಿಸುತ್ತದೆ. ಡಿಸ್ಕ್ ಶೇಕಡಾ 100ರಲ್ಲಿ ನಿಂತಿದ್ದು ಪ್ರೊಸೆಸರ್ ಶೇಕಡಾ 5ರಲ್ಲಿ ಆಕಳಿಸುತ್ತಿದ್ದರೆ ಹೊಸ ಪ್ರೊಸೆಸರಿನ ಕಂಪ್ಯೂಟರ್ ಕೊಂಡು ಉಪಯೋಗ ಇಲ್ಲ, ತಿರುಗುವ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿದರೆ ಹಳೆಯದೇ ಓಡುತ್ತದೆ. ಲ್ಯಾಪ್‌ಟಾಪ್ ಶುರುವಿನಲ್ಲಿ ಚುರುಕಾಗಿದ್ದು ಅರ್ಧ ಗಂಟೆಗೆ ಮಂಕಾದರೆ ಕೆಳಗೆ ಕೈಯಿಟ್ಟು ನೋಡಿ. ಬಿಸಿ ಏರಿದಾಗ ಪ್ರೊಸೆಸರ್ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಅಲ್ಲಿ ಬೇಕಾದದ್ದು ಸಾಫ್ಟ್‌ವೇರ್ ಅಲ್ಲ, ಫ್ಯಾನಿನ ಧೂಳು ತೆಗೆಯುವ ಬ್ರಷ್.

ಮೆಮೊರಿ ವಿಷಯದಲ್ಲಿ ಒಂದು ಹಳೆಯ ತಪ್ಪು ತಿಳಿವಳಿಕೆ ಇದೆ. ಲಿನಕ್ಸ್ ಸರ್ವರಿನಲ್ಲಿ "ಫ್ರೀ" ಎಂಬ ಕಂಬದಲ್ಲಿ ಸಣ್ಣ ಸಂಖ್ಯೆ ಕಂಡು ಗಾಬರಿಯಾಗುವವರು ಬಹಳ. ಖಾಲಿ ಬಿದ್ದ ಮೆಮೊರಿ ಯಾರಿಗೂ ಪ್ರಯೋಜನಕ್ಕಿಲ್ಲ ಎಂದು ಲಿನಕ್ಸ್ ಅದರಲ್ಲಿ ಡಿಸ್ಕಿನಿಂದ ಓದಿದ್ದನ್ನು ಇಟ್ಟುಕೊಂಡಿರುತ್ತದೆ, ಯಾರಾದರೂ ಕೇಳಿದರೆ ಬಿಟ್ಟುಕೊಡುತ್ತದೆ. ನೋಡಬೇಕಾದದ್ದು "ಅವೈಲಬಲ್" ಕಂಬ. ಅದೂ ನಿಜಕ್ಕೂ ಮುಗಿದಾಗ ಕರ್ನಲ್ ಯಾವುದಾದರೊಂದು ದೊಡ್ಡ ಪ್ರೋಗ್ರಾಮನ್ನು ಆರಿಸಿ ಕೊಂದುಬಿಡುತ್ತದೆ. ಬಲಿಯಾಗುವುದು ಹಲವು ಸಲ ಡೇಟಾಬೇಸ್, ದೊಡ್ಡದಾಗಿರುವುದೇ ಅದರ ತಪ್ಪು. ಯಾವ ಎರರ್ ಕೂಡ ಇಲ್ಲದೆ ತಂತ್ರಾಂಶ ಮಾಯವಾಗಿದ್ದರೆ, ತಂತ್ರಾಂಶವನ್ನು ಪ್ರತ್ಯೇಕವಾಗಿ ಓಡಿಸುವ ಡಬ್ಬಿಯಾದ ಕಂಟೇನರ್ 137 ಎಂಬ ಸಂಖ್ಯೆ ಬಿಟ್ಟು ಸತ್ತಿದ್ದರೆ, ಕರ್ನಲ್ ಲಾಗ್ ನೋಡಿ. 128ಕ್ಕೆ 9 ಕೂಡಿದರೆ 137. ಆ 9, ತಪ್ಪಿಸಿಕೊಳ್ಳಲಾಗದ ಕೊಲ್ಲುವ ಸಂಕೇತದ ಸಂಖ್ಯೆ.

ಲಾಗ್ ಓದುವ ಕ್ರಮ

ಹೊಸಬರು ಲಾಗಿನ ಕೊನೆಯ ಸಾಲು ಓದುತ್ತಾರೆ. ಆದರೆ ಒಂದು ತಪ್ಪು ಹತ್ತು ತಪ್ಪುಗಳನ್ನು ಹುಟ್ಟಿಸುತ್ತದೆ. ಮೊದಲು ಡೇಟಾಬೇಸಿನ ಸಂಪರ್ಕ ಹೋಯಿತು, ಅದರಿಂದ ಬಳಕೆದಾರರ ಪಟ್ಟಿ ಖಾಲಿ ಬಂತು, ಖಾಲಿ ಪಟ್ಟಿಯಲ್ಲಿ ಮೊದಲ ಹೆಸರು ಹುಡುಕಲು ಹೋಗಿ ಪ್ರೋಗ್ರಾಂ ಬಿದ್ದಿತು. ಕೊನೆಯ ಸಾಲು ಮೂರನೆಯದರ ಬಗ್ಗೆ ಮಾತಾಡುತ್ತಿರುತ್ತದೆ. ಮೇಲಕ್ಕೆ ಹೋಗುತ್ತ, ಎಲ್ಲ ಸರಿಯಿದ್ದ ಕೊನೆಯ ಸಾಲಿನ ನಂತರದ ಮೊದಲ ತಪ್ಪನ್ನು ಹಿಡಿಯಬೇಕು. ಲಾಗಿನ ಗಡಿಯಾರ ಯುಟಿಸಿ ಎಂಬ ಜಾಗತಿಕ ಸಮಯದಲ್ಲಿದೆಯೇ ಎಂದು ನೋಡಲು ಮರೆಯಬೇಡಿ, ಇಲ್ಲದಿದ್ದರೆ ಬೇರೆ ಯಾವುದೋ ಗಂಟೆಯ ಸಾಲುಗಳನ್ನು ಓದುತ್ತ ಕೂರುತ್ತೀರಿ.

ಅಂದಹಾಗೆ, ಲಾಗ್ ಎಂಬ ಮಾತು ಬಂತಲ್ಲ, ಅದಕ್ಕೊಂದು ಕಥೆ: 1947ರ ಸೆಪ್ಟೆಂಬರ್ 9ರಂದು ಹಾರ್ವರ್ಡಿನ ಮಾರ್ಕ್ 2 ಯಂತ್ರದ ರಿಲೇಯೊಂದರಲ್ಲಿ ಸಿಕ್ಕಿಕೊಂಡಿದ್ದ ಪತಂಗವನ್ನು ಹಿಡಿದು ಕೆಲಸದ ಪುಸ್ತಕಕ್ಕೆ ಅಂಟಿಸಿದರು, ಕೆಳಗೆ "ಬಗ್ ನಿಜಕ್ಕೂ ಸಿಕ್ಕಿದ ಮೊದಲ ಪ್ರಕರಣ" ಎಂಬರ್ಥದ ಸಾಲು ಬರೆದರು. ಬಗ್ ಎಂದರೆ ಹುಳ, ಯಂತ್ರದ ದೋಷಕ್ಕೂ ಅದೇ ಹೆಸರು. ಆ ಪದ ಹುಟ್ಟಿದ್ದು ಅಂದೇ ಎನ್ನುವುದು ಸುಳ್ಳು, ಎಡಿಸನ್ 1878ರ ಪತ್ರದಲ್ಲೇ ಅದನ್ನು ಬಳಸಿದ್ದ. ಅವರು ಬರೆದ ಸಾಲಿನ ತಮಾಷೆ ಇರುವುದೂ ಪದ ಮೊದಲೇ ಚಾಲ್ತಿಯಲ್ಲಿತ್ತು ಎನ್ನುವುದರಲ್ಲೇ. ನನಗೆ ಇಷ್ಟವಾಗುವುದು ಅವರು ಹುಳವನ್ನು ಎಸೆಯದೆ ಸಮಯದೊಂದಿಗೆ ಅಂಟಿಸಿಟ್ಟರು ಎಂಬುದು.

ವಿಂಡೋಸಿನ ಈವೆಂಟ್ ವ್ಯೂವರ್ ತೆರೆದವರಿಗೆ ಒಂದು ಸಮಾಧಾನ: ಆರೋಗ್ಯವಾಗಿರುವ ಯಂತ್ರದಲ್ಲೂ ಅಲ್ಲಿ ಕೆಂಪು ಗುರುತುಗಳು ಇದ್ದೇ ಇರುತ್ತವೆ. ಫೋನ್ ಮಾಡಿ "ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ" ಎನ್ನುವ ವಂಚಕರು ಇದನ್ನೇ ತೆರೆಸಿ ಹೆದರಿಸುವುದು. ತೊಂದರೆ ಆದ ನಿಮಿಷಕ್ಕೆ ಸರಿಹೊಂದುವ ಗುರುತು ಮಾತ್ರ ನಿಮಗೆ ಬೇಕಾದದ್ದು.

ಸರಿಮಾಡಲು ಕೈ ಹಾಕುವಾಗ

ಜಾಗ ಗೊತ್ತಾಯಿತು, ಈಗ ಕೈ ಹಾಕಬೇಕು. ಒಮ್ಮೆಗೆ ಒಂದೇ ಬದಲಾವಣೆ. ಮೂರು ಮಾಡಿ ಸರಿಹೋದರೆ ಯಾವುದರಿಂದ ಸರಿಹೋಯಿತು ಎಂದು ತಿಳಿಯುವುದಿಲ್ಲ, ಹದಗೆಟ್ಟರಂತೂ ಮೂರನ್ನೂ ಅನುಮಾನಿಸಬೇಕು. ಸರಿಹೋಗದ ಬದಲಾವಣೆಯನ್ನು ಹಿಂದಕ್ಕೆ ತೆಗೆದೇ ಮುಂದಿನದಕ್ಕೆ ಹೋಗಬೇಕು. ಪ್ರೋಗ್ರಾಂ ಬರೆಯುವವರಿಗೆ ಗಿಟ್ ಬೈಸೆಕ್ಟ್ ಎಂಬ ಆದೇಶ ಗೊತ್ತಿರಲಿ. ಸರಿಯಿದ್ದ ಒಂದು ಹಳೆಯ ಆವೃತ್ತಿ, ಕೆಟ್ಟಿರುವ ಇವತ್ತಿನ ಆವೃತ್ತಿ ಕೊಟ್ಟರೆ ಅದು ನಡುವಿನದನ್ನು ತೆಗೆದುಕೊಟ್ಟು "ಇದು ಹೇಗಿದೆ" ಎಂದು ಕೇಳುತ್ತ, ಶುರುವಿನಲ್ಲಿ ಹೇಳಿದ ಅರ್ಧರ್ಧದ ಲೆಕ್ಕದಲ್ಲೇ, ಸಾವಿರ ಬದಲಾವಣೆಗಳಲ್ಲಿ ಕೆಡಿಸಿದ್ದು ಯಾವುದು ಎಂದು ಹತ್ತು ಹೆಜ್ಜೆಗೆ ಬೆರಳಿಟ್ಟು ತೋರಿಸುತ್ತದೆ.

ಸೇಫ್ ಮೋಡ್ ಎನ್ನುವುದೂ ಅರ್ಧ ಕತ್ತರಿಸುವ ಉಪಾಯವೇ. ತೀರಾ ಅಗತ್ಯದ ಡ್ರೈವರುಗಳನ್ನು ಮಾತ್ರ ಹಾಕಿಕೊಂಡು ಯಂತ್ರ ಏಳುತ್ತದೆ. ಅಲ್ಲಿ ಸರಿಯಿದ್ದರೆ ವಿಂಡೋಸಿನ ಬುಡ ಗಟ್ಟಿಯಿದೆ, ಮೇಲೆ ಹೇರಿದ್ದರಲ್ಲಿ ಏನೋ ಕೆಟ್ಟಿದೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಸುರಕ್ಷತಾ ಕಂಪನಿ ಕಳಿಸಿದ ಒಂದು ತಪ್ಪು ಫೈಲಿನಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ಬಿದ್ದಾಗ ದಾರಿ ತೋರಿದ್ದು ಅದೇ ಸೇಫ್ ಮೋಡ್. ಒಳಗೆ ಹೋಗಿ ಆ ಒಂದು ಫೈಲ್ ಅಳಿಸಿ ರೀಸ್ಟಾರ್ಟ್ ಮಾಡಬೇಕು, ಅಷ್ಟೇ. ಆದರೆ ಏಳದ ಯಂತ್ರವನ್ನು ದೂರದಿಂದ ಮುಟ್ಟಲಾಗದು. ಹಾಗಾಗಿ ಬಹುತೇಕ ಯಂತ್ರಗಳ ಎದುರು ಒಬ್ಬ ಮನುಷ್ಯ ಹೋಗಿ ನಿಲ್ಲಬೇಕಾಯಿತು.

ಹಾರ್ಡ್ ಡಿಸ್ಕ್ ಟಕ್ ಟಕ್ ಸದ್ದು ಮಾಡುತ್ತಿದ್ದರೆ ಮೇಲಿನ ಯಾವುದನ್ನೂ ಮಾಡಬೇಡಿ. ಸ್ಕ್ಯಾನ್ ಬೇಡ, ರಿಪೇರಿ ಬೇಡ. ಮೊದಲು ಬೇಕಾದ ಫೈಲುಗಳನ್ನು ಬೇರೆ ಡಿಸ್ಕಿಗೆ ಕಾಪಿ ಮಾಡಿ. ಸಾಯುತ್ತಿರುವ ಡಿಸ್ಕನ್ನು ಮೂಲೆ ಮೂಲೆ ತಡಕಾಡಿದರೆ ಉಳಿದ ಉಸಿರೂ ಹೋಗುತ್ತದೆ.

ಬ್ಯಾಕಪ್ ಇದೆಯಲ್ಲ ಎನ್ನುವವರು ಅದನ್ನು ಒಮ್ಮೆಯಾದರೂ ತೆರೆದು ನೋಡಿದ್ದಾರೆಯೇ? 2017ರ ಜನವರಿ 31ರ ರಾತ್ರಿ, ಪ್ರೋಗ್ರಾಂ ಬರೆಯುವವರ ಕೋಡ್ ಇಟ್ಟುಕೊಡುವ ಗಿಟ್‌ಲ್ಯಾಬ್ ಕಂಪನಿಯಲ್ಲಿ, ಪ್ರತಿ ಇಟ್ಟುಕೊಳ್ಳುವ ಸರ್ವರ್ ಹಿಂದೆ ಬಿದ್ದಿದೆ ಎಂದು ಸರಿಮಾಡಲು ಕುಳಿತ ಇಂಜಿನಿಯರ್ ಒಬ್ಬರು ಡೇಟಾ ಫೋಲ್ಡರ್ ಅಳಿಸಿದರು. ಅಳಿಸಿದ್ದು ತಪ್ಪು ಸರ್ವರಿನಲ್ಲಿ, ಮುಖ್ಯ ಡೇಟಾಬೇಸಿನಲ್ಲಿ. ಒಂದೆರಡು ಸೆಕೆಂಡಿನಲ್ಲಿ ಗೊತ್ತಾಗಿ ನಿಲ್ಲಿಸುವಷ್ಟರಲ್ಲಿ ಸುಮಾರು 300 ಜಿಬಿ ಹೋಗಿತ್ತು. ದಿನಾ ನಡೆಯಬೇಕಾದ ಬ್ಯಾಕಪ್ ಹುಡುಕಿದರೆ ಫೋಲ್ಡರ್ ಖಾಲಿ. ಬ್ಯಾಕಪ್ ತೆಗೆಯುವ ಸಲಕರಣೆಯ ಆವೃತ್ತಿ ಡೇಟಾಬೇಸಿನ ಆವೃತ್ತಿಗೆ ಹೊಂದದೆ ಪ್ರತಿ ಸಲವೂ ಸೋಲುತ್ತಿತ್ತು. ಸೋತಿತು ಎಂದು ತಿಳಿಸುವ ಮೇಲ್‌ಗಳನ್ನು ಮೇಲ್ ಸರ್ವರ್ ತಿರಸ್ಕರಿಸುತ್ತಿತ್ತು. ಕೊನೆಗೆ ಕೈಹಿಡಿದದ್ದು ಒಂದು ಸ್ನ್ಯಾಪ್‌ಶಾಟ್. ಸ್ನ್ಯಾಪ್‌ಶಾಟ್ ಎಂದರೆ ಆ ಕ್ಷಣದ ಡೇಟಾದ ಪೂರ್ತಿ ನಕಲು. ಅದೇ ಇಂಜಿನಿಯರ್ ಬೇರೆ ಯಾವುದೋ ಪರೀಕ್ಷೆಗೆಂದು ಆರು ಗಂಟೆ ಮೊದಲು ಕೈಯಾರೆ ತೆಗೆದಿಟ್ಟದ್ದು.